ಹಳದಿ ಚಪ್ಪಲಿ, ಹನ್ನೊಂದು ತಿಂಗಳ ಅನ್ನ

ಅಯ್ಯೋ, ಸತ್ತ ಇಲಿ ಅಲ್ಲ ಕಣ್ರೀ, ಹುಡುಕ್ಬೇಡಿ. ಚಪ್ಪಲಿ ಅದು. ಅಲ್ನೋಡಿ, ನಿಮ್ಮ ಕರಿಬೇವಿನ ಗಿಡದ ನೇರಕ್ಕೆ ಗೋಡೆ ಮೇಲೆ ಬಿಸಿಲಿಗೆ ಇಟ್ಟಿದೀನಲ್ಲ, ಹಳದೀದು, ಮೂತಿ ಚೂಪಾಗಿರೋದು. ಮೊರಾಕೊದಿಂದ ತಂದಿದ್ದು. ಬಂದು ಹತ್ತು ದಿನ ಆಯ್ತು. ಒಳಗೆ ಕಾಫಿಪುಡಿ ತುಂಬಿಟ್ಟೆ, ಕರ್ಪೂರ ಇಟ್ಟೆ, ಬೇವಿನಸೊಪ್ಪು ತುರುಕಿದೆ. ಜಪ್ಪಯ್ಯ ಅಂದ್ರೂ ವಾಸನೆ ಜಗ್ತಾ ಇಲ್ಲ. ಇವರಂತೂ 'ಅದು ಒಳಗೆ ಬಂದ್ರೆ ನಾನು ಹೊರಗೆ' ಅಂತ ನಿನ್ನೆ ರಾತ್ರಿ ಘೋಷಣೆ ಮಾಡಿಬಿಟ್ರು. ಆ ಕಡೆ ಮನೆಯವರ ನುಗ್ಗೆಮರದ ಕಂಬಳಿಹುಳ ಒಣಹಾಕಿದ ಬಟ್ಟೆ ಮೇಲೆಲ್ಲ ಹರಿದಾಡಿದ್ರೂ ತುಟಿ ಪಿಟಕ್ಕೆನ್ನದ ಮನುಷ್ಯ, ಒಂದು ಜೊತೆ ಚಪ್ಪಲಿಗೆ ಇಷ್ಟು ರಂಪ.

ಅದಿರ್ಲಿ, ಮೊದಲು ನಿಮಗೆ ಥ್ಯಾಂಕ್ಸ್ ಹೇಳ್ಬೇಕು. ನಾನಿಲ್ಲದ ವಾರ ದಿನಾ ಈ ಗೋಡೆ ಮೇಲಿಂದಲೇ ಇವರಿಗೆ ಸಾರು ದಾಟಿಸಿದ್ರಂತೆ. ನಿಮ್ಮ ಬಸ್ಸಾರು ಚೆನ್ನಾಗಿತ್ತು ಅಂತ ಎರಡು ಸಲ ಹೇಳಿದ್ರು. ನನ್ನ ಬಸ್ಸಾರಿಗೆ ಮೂವತ್ತೆಂಟು ವರ್ಷದಲ್ಲಿ ಒಂದು ಸಲಾನೂ ಆ ಮಾತು ಬಂದಿಲ್ಲ. ಆಮೇಲೆ ವಿಚಾರಿಸ್ಕೋತೀನಿ.

ಅಲ್ಲ, ನೀವು ಕೇಳಿದ್ದು ಸರಿ. ನಮ್ಮ ವಯಸ್ಸಿನವರು ಕಾಶಿಗೆ ಹೋಗ್ತಾರೆ, ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗ್ತಾರೆ. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರಾದ ಹೆಂಗಸು ಫೆಜ್ ಅನ್ನೋ ಊರಿಗೆ ಯಾಕೆ ಹೋಗ್ಬೇಕು? ತಪ್ಪೆಲ್ಲ ಇಬನ್ ಬತೂತಂದು. ಮೂವತ್ತೊಂದು ವರ್ಷ ಮಕ್ಕಳಿಗೆ ಅವನನ್ನ ಒಂದು ಅಂಕದ ಪ್ರಶ್ನೆ ಮಾಡಿ ಉರು ಹೊಡಿಸಿದೀನಿ. ಇಬನ್ ಬತೂತ ಯಾವ ದೇಶದವನು? ಮೊರಾಕೊ. ಮುಗೀತು, ಒಂದು ಮಾರ್ಕು. ಅವನು ನಮ್ಮೂರಿಗೆ ಬಂದಿದ್ದ ಅಂತ ನನಗೇ ತಿಳಿದಿದ್ದು ರಿಟೈರಾದ ಮೇಲೆ. ನಮ್ಮೂರು ಅಂದ್ರೆ ಮೈಸೂರಲ್ಲ, ನನ್ನ ತವರು, ಹೊನ್ನಾವರ. 1342ರ ಸುಮಾರು. ಅವನ ಪುಸ್ತಕದಲ್ಲಿ ಹಿನೌರ್ ಅಂತ ಇದೆ. ಆಗ ಅಲ್ಲಿದ್ದ ಜಮಾಲುದ್ದೀನ್ ಅನ್ನೋ ಸುಲ್ತಾನನ ಅತಿಥಿಯಾಗಿದ್ದನಂತೆ. ಊರಲ್ಲಿ ಹುಡುಗೀರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇತ್ತು ಅಂತ ಲೆಕ್ಕ ಬೇರೆ ಕೊಟ್ಟಿದಾನೆ. ಶಿಕ್ಷಣ ಇಲಾಖೆ ಇನ್‌ಸ್ಪೆಕ್ಟರ್ ಹಾಗೆ!

ಇನ್ನೊಂದು ಗೊತ್ತಾ? ಆ ಪುಸ್ತಕ ಅವನು ಬರೆದಿದ್ದಲ್ಲ, ಹೇಳಿದ್ದು. 1325ರಲ್ಲಿ, ಇಪ್ಪತ್ತೊಂದನೇ ವಯಸ್ಸಿಗೆ ಮನೆ ಬಿಟ್ಟವನು ಸುಮಾರು ಮೂವತ್ತು ವರ್ಷ ತಿರುಗಿ ತಿರುಗಿ, ಕೊನೆಗೆ ಫೆಜ್‌ಗೆ ಬಂದು ಕೂತ. ಅಬೂ ಇನಾನ್ ಅಂತ ಅಲ್ಲಿನ ಸುಲ್ತಾನ, 'ಇವನು ಹೇಳೋದನ್ನೆಲ್ಲ ಬರ್ಕೋ' ಅಂತ ಇಬನ್ ಜುಝಯ್ ಅನ್ನೋ ಗ್ರನಾಡಾದ ಪಂಡಿತನನ್ನ ಎದುರಿಗೆ ಕೂರಿಸಿದ. ಇವನು ಹೇಳೋದು, ಅವನು ಬರೆಯೋದು. 1355ಕ್ಕೆ ಮುಗೀತು. ಅಂದ್ರೆ ಅವನ ಹೊನ್ನಾವರದ ಸುದ್ದಿ ಕಾಗದ ಹತ್ತಿದ್ದು ಫೆಜ್‌ನ ಯಾವುದೋ ಮನೆಯ ಅಂಗಳದಲ್ಲಿ, ಹರಟೆಯಾಗಿ. ಇಷ್ಟು ತಿಳಿದ ಮೇಲೆ ಹೋಗದೆ ಇರೋದು ಹೇಗೆ ಹೇಳಿ?

ಜೊತೆಗೆ ಬಂದಿದ್ದು ನನ್ನ ಕಾಲೇಜು ಗೆಳತಿ. ನೀವು ನೋಡಿದೀರಿ, ಗೌರಿ ಹಬ್ಬಕ್ಕೆ ಬಂದಿದ್ಲಲ್ಲ, ಬ್ಯಾಂಕಲ್ಲಿದ್ದೋಳು, ಬಾಗಿನದಲ್ಲಿ ಬಳೆ ಒಂದು ಡಜನ್ ಇದೆಯೋ ಇಲ್ವೋ ಅಂತ ಎಣಿಸಿದೋಳು. ಅವಳಿಗೆ ಇಬನ್ ಬತೂತನೂ ಬೇಡ, ಯಾರೂ ಬೇಡ. 'ಗಂಡ, ಮಕ್ಕಳು, ಮೊಮ್ಮಕ್ಕಳು ಯಾರೂ ಇಲ್ಲದ ಒಂದು ವಾರ ಬೇಕು, ನೀನು ಎಲ್ಲಿಗೆ ಕರ್ಕೊಂಡ್ಹೋದ್ರೂ ಸರಿ' ಅಂದ್ಲು. ಒಂದೇ ಷರತ್ತು, ಶುದ್ಧ ಸಸ್ಯಾಹಾರ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಸಾಸಿವೆ, ಇಂಗು, ಒಣಮೆಣಸಿನಕಾಯಿ ಎಲ್ಲ ಕಟ್ಕೊಂಡ್ಲು. ಅಕ್ಕಿ ಮಾತ್ರ ತರಲಿಲ್ಲ. 'ಅಕ್ಕಿ ಎಲ್ಲಿ ಸಿಗಲ್ಲ?' ಅಂದ್ಲು. ಆ ಮಾತು ನೆನಪಿಟ್ಕೊಳ್ಳಿ.

ವಿಮಾನದ ಕತೆ ಬೇಡ ಬಿಡಿ, ಎಲ್ಲಾ ವಿಮಾನಾನೂ ಒಂದೇ. ಕಾಸಾಬ್ಲಾಂಕಾದಲ್ಲಿ ಇಳಿದು, ನಾಲ್ಕು ಗಂಟೆ ರೈಲು. ಆಲಿವ್ ತೋಪು, ಗೋಧಿ ಹೊಲ, ಮತ್ತೆ ಆಲಿವ್ ತೋಪು. ಎಲ್ಲೂ ಗದ್ದೆ ಕಾಣಲಿಲ್ಲ. ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು.

ಊರು ಹೇಗಿದೆ ಅಂದ್ರೆ, ಹಳೇ ಫೆಜ್ ಒಂದು ಬಟ್ಟಲು ಕಣ್ರೀ. ಸುತ್ತ ಕೋಟೆಗೋಡೆ. ಒಳಗೆ 9,000ಕ್ಕೂ ಹೆಚ್ಚು ಓಣಿ ಅಂತಾರೆ. ಕಾರಿಲ್ಲ, ಆಟೋ ಇಲ್ಲ. ಗ್ಯಾಸ್ ಸಿಲಿಂಡರ್ ಬರೋದೂ ಕತ್ತೆ ಮೇಲೆ, ಕಸ ಹೋಗೋದೂ ಕತ್ತೆ ಮೇಲೆ. ಒಂದು ಹೇಸರಗತ್ತೆ ಫ್ರಿಜ್ ಹೊತ್ಕೊಂಡು ಮೆಟ್ಟಿಲು ಇಳಿಯೋದನ್ನ ನಾನೇ ಕಣ್ಣಾರೆ ನೋಡಿದೆ. ಹಿಂದಿನಿಂದ ಹೊಡ್ಕೊಂಡು ಬರೋರು 'ಬಾಲಕ್! ಬಾಲಕ್!' ಅಂತ ಕೂಗ್ತಾರೆ. ದಾರಿ ಬಿಡಿ ಅಂತ ಅರ್ಥ. ಮೊದಲ ದಿನ ಇವಳು ನಿಂತಲ್ಲೇ ನಿಂತು, 'ಪಾಪ, ಯಾರದೋ ಹುಡುಗ ತಪ್ಪಿಸ್ಕೊಂಡಿದಾನೆ ಕಣೇ' ಅಂದ್ಲು. ಅಷ್ಟರಲ್ಲಿ ಕತ್ತೆ ಬಂದು ಅವಳನ್ನ ಗೋಡೆಗೆ ಒತ್ತರಿಸಿ ಹೋಯ್ತು. ಆಮೇಲಿಂದ 'ಬಾಲಕ್' ಅಂದ್ರೆ ಸಾಕು, ಯಾವುದಾದ್ರೂ ಅಂಗಡಿ ಒಳಗೆ ನುಗ್ತಿದ್ಲು. ಹಾಗೆ ನುಗ್ಗಿದ ಅಂಗಡೀಲೆಲ್ಲ ಚಹಾ ಕುಡಿಯೋದಾಯ್ತು.

ನಾವು ಉಳ್ಕೊಂಡಿದ್ದು ಒಂದು ಹಳೇ ಮನೇಲಿ. ರಿಯಾದ್ ಅಂತಾರೆ. ಹೊರಗಿನಿಂದ ನೋಡಿದ್ರೆ ಕಿಟಕಿಯೂ ಇಲ್ಲದ ಬೋಳು ಗೋಡೆ, ಒಂದು ಬಾಗಿಲು. ಇಷ್ಟು ದೂರ ಬಂದು ಗೋಡೌನ್‌ನಲ್ಲಿ ಮಲಗ್ಬೇಕಾ ಅಂತ ಇವಳ ಮುಖ ಸಣ್ಣಗಾಯ್ತು. ಒಳಗೆ ಕಾಲಿಟ್ರೆ ತೊಟ್ಟಿಮನೆ ಕಣ್ರೀ! ಮಧ್ಯೆ ಆಕಾಶಕ್ಕೆ ತೆರೆದ ಅಂಗಳ, ನಡುವೆ ಕಾರಂಜಿ, ಒಂದು ಕಿತ್ತಳೆ ಗಿಡ, ಸುತ್ತ ಕೋಣೆಗಳು, ಮೇಲೆ ಜಗಲಿ. ಗೋಡೆಗೆಲ್ಲ ಉಗುರಿನಷ್ಟು ಉಗುರಿನಷ್ಟು ಬಣ್ಣದ ಹೆಂಚಿನ ಚೂರು ಜೋಡಿಸಿ ರಂಗೋಲಿ. ಝೆಲ್ಲಿಜ್ ಅಂತ ಅದಕ್ಕೆ ಹೆಸರು. ಒಂದೊಂದು ಚೂರನ್ನೂ ಕೈಯಲ್ಲೇ ಸುತ್ತಿಗೆ ತಟ್ಟಿ ಕತ್ತರಿಸ್ತಾರೆ. ಹೊರಗೆ ಸಿರಿವಂತಿಕೆ ತೋರಿಸಬಾರದು, ಒಳಗೆ ಎಷ್ಟಾದ್ರೂ ಇರಲಿ ಅನ್ನೋದು ಅಲ್ಲಿಯ ರೀತಿಯಂತೆ. ನಮ್ಮ ಬಡಾವಣೇಲಿ ನೋಡಿ, ಮುಂದೆ ಗ್ರಾನೈಟ್, ಒಳಗೆ ಬ್ಯಾಂಕಿನ ಸಾಲ. ಚಳಿ ಮಾತ್ರ ವಿಪರೀತ. ಮಾರ್ಚಿ ತಿಂಗಳಲ್ಲಿ ಎರಡೆರಡು ಕಂಬಳಿ ಹೊದ್ದು ಮಲಗಿದ್ವಿ.

ಮನೆ ನೋಡ್ಕೊಳ್ತಾ ಇದ್ದೋರು ಒಬ್ಬ ಅಮ್ಮ, ಅವರ ಮಗ. ಅಲ್ಲಿ ಹೆಂಗಸರನ್ನ ಗೌರವದಿಂದ ಕರೆಯೋದು ಲಲ್ಲಾ ಅಂತ. ನಮ್ಮ ಅಮ್ಮಾವ್ರೇ ಅಂದಹಾಗೆ. ಅವರಿಗೆ ಇಂಗ್ಲಿಷ್ ಬಾರದು, ನಮಗೆ ಅರಬ್ಬಿ ಬಾರದು, ಮಗನೇ ದುಭಾಷಿ. ಹುಡುಗ ಮೊದಲ ದಿನವೇ ನಮ್ಮನ್ನ ನೋಡಿ 'ಹಿಂದ್! ಶಾರುಖ್ ಖಾನ್!' ಅಂದ. ಊರು ತುಂಬಾ ಅದೇ ಕತೆ. ಮುದುಕರು ಅಮಿತಾಬ್ ಬಚ್ಚನ್ ಅಂತಾರೆ, ಹುಡುಗರು ಶಾರುಖ್ ಅಂತಾರೆ. ನಾನು 'ಡಾಕ್ಟರ್ ರಾಜ್‌ಕುಮಾರ್' ಅಂತ ಎರಡು ಮೂರು ಕಡೆ ಹೇಳಿ ನೋಡಿದೆ, ಪ್ರಯೋಜನ ಆಗಲಿಲ್ಲ. ಇನ್ನು ಹೆಂಗಸರು ನಮ್ಮನ್ನ 'ಹಿಂದಿಯಾ' ಅನ್ನೋರು, ಅಂದು ತಮ್ಮತಮ್ಮಲ್ಲೇ ನಗೋರು. ಯಾಕೆ ಅಂತ ಆ ಹುಡುಗನ್ನ ಕೇಳಿದ್ರೆ, ಅಲ್ಲಿ ಪಾಪಸುಕಳ್ಳಿ ಹಣ್ಣಿಗೂ ಅದೇ ಹೆಸರಂತೆ! ಮೈಯೆಲ್ಲ ಮುಳ್ಳು, ಒಳಗೆ ಸಿಹಿ. ಗೆಳತಿ ತಕ್ಷಣ, 'ಮೊದಲರ್ಧ ನಿನಗೆ ಸರಿಯಾಗಿದೆ' ಅಂದ್ಲು.

ಎರಡನೇ ದಿನದಿಂದ ಊಟದ ಗೋಳು ಶುರು. ಅಲ್ಲಿ ಎಲ್ಲಕ್ಕೂ ಬ್ರೆಡ್ ಕಣ್ರೀ. ನಮ್ಮ ಬೇಕರಿ ಬ್ರೆಡ್ ಅಲ್ಲ, ದುಂಡಗೆ, ಚಪ್ಪಟೆಗೆ, ಮೇಲೆ ಗಟ್ಟಿ, ಒಳಗೆ ಮೆತ್ತಗೆ. ಖೊಬ್ಜ್ ಅಂತಾರೆ. ಬೆಳಗ್ಗೆ ಬ್ರೆಡ್ಡು, ಮಧ್ಯಾಹ್ನ ಬ್ರೆಡ್ಡು, ರಾತ್ರಿ ಬ್ರೆಡ್ಡು. ಚಮಚ ಇಲ್ಲ, ಬ್ರೆಡ್ಡೇ ಚಮಚ. ಚೆನ್ನಾಗಿಲ್ಲ ಅಂತಲ್ಲ, ಬಹಳ ಚೆನ್ನಾಗಿರತ್ತೆ. ಬೆಳಗ್ಗೆ ಗಾಡಿ ಅಂಗಡೀಲಿ ಬಿಸ್ಸಾರಾ ಅಂತ ಕೊಡ್ತಾರೆ, ಒಣ ಅವರೆಯಂಥ ಒಂದು ಕಾಳನ್ನ ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ, ಜೀರಿಗೆಪುಡಿ. ಗಟ್ಟಿ ಬೇಳೆಕಟ್ಟು ಅಂದ್ಕೊಳ್ಳಿ. ಕೂಲಿಯವರ ಜೊತೆ ಬೆಂಚಿನ ಮೇಲೆ ಕೂತು ದಿನಾ ಅದನ್ನೇ ತಿಂದ್ವಿ. ಕಾಫಿಗೆ ನುಸ್‌ನುಸ್ ಅಂತ ಹೇಳ್ಬೇಕು, ಅಂದ್ರೆ ಅರ್ಧ ಅರ್ಧ, ಡಿಕಾಕ್ಷನ್ ಅರ್ಧ, ಹಾಲು ಅರ್ಧ. ಆ ಒಂದು ಶಬ್ದ ನಮ್ಮ ಪ್ರಾಣ ಉಳಿಸ್ತು. ಆದ್ರೆ ಮೂರನೇ ದಿನದ ಹೊತ್ತಿಗೆ ಇವಳು ನಿದ್ದೇಲಿ 'ಅನ್ನ' ಅನ್ನೋಕೆ ಶುರು ಮಾಡಿದ್ಲು. ಒಂದು ಹೋಟೆಲಲ್ಲಿ ಕಾರ್ಡಿನಲ್ಲಿ ಅಕ್ಕಿ ಅಂತ ಕಂಡು ಹಿಗ್ಗಿ ಹೀರೇಕಾಯಿ ಆಗಿ ತರಿಸಿದ್ಲು. ಬಂತು. ತಣ್ಣಗಿರೋ ಅನ್ನ, ಬಟ್ಟಲಲ್ಲಿ ಮಗುಚಿ ದಬ್ಬಾಕಿದ್ದು, ನೆತ್ತಿ ಮೇಲೆ ಮೀನು. ಅಲ್ಲಿ ಅನ್ನ ಅಂದ್ರೆ ಕೋಸಂಬರಿ ಲೆಕ್ಕ!

ಅದಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದು ಕಡೆ. ಪಕ್ಕದ ಮೇಜಿಗೆ ದೊಡ್ಡ ತಟ್ಟೇಲಿ ಒಂದು ತಿಂಡಿ ಬಂತು. ತೆಳ್ಳಗೆ ಪದರ ಪದರ, ಮೇಲೆ ಸಕ್ಕರೆಪುಡಿ ಉದುರಿಸಿ ದಾಲ್ಚಿನ್ನಿ ಪುಡೀಲಿ ಚೌಕುಳಿ ಎಳೆ. 'ಚಿರೋಟಿ ಕಣೇ!' ಅಂತ ಇವಳು ಎದ್ದೇ ನಿಂತ್ಲು. ಆ ಮೇಜಿನ ಅಮ್ಮ ಒಳ್ಳೆಯವರು, ಒಂದು ಚೂರು ಮುರಿದು ಕೈಗೇ ಕೊಟ್ರು. ಬಾಯಿ ಹತ್ರ ಹೋಗಿತ್ತು, ನಾನು ಒಳಗೇನಿದೆ ಅಂತ ಕೇಳಿದೆ. 'ಹಮಾಮ್' ಅಂದ್ರು. ಹಿಂದಿನ ದಿನವಷ್ಟೇ ಹಮ್ಮಾಮ್ ಅಂದ್ರೆ ಸ್ನಾನದ ಮನೆ ಅಂತ ಕಲಿತಿದ್ವಿ. ಇವಳು 'ಬಚ್ಚಲುಮನೆ ಒಳಗಿದೆಯಾ?' ಅಂದ್ಲು. ಆ ಅಮ್ಮ ಎರಡೂ ಕೈಯನ್ನ ರೆಕ್ಕೆ ಹಾಗೆ ಆಡಿಸಿ ತೋರಿಸಿದ್ರು. ಪಾರಿವಾಳ! ನಮಗೆ ಹಮಾಮ್ ಅಂದ್ರೆ ಸೋಪು, ಅವರಿಗೆ ಒತ್ತಿದ್ರೆ ಸ್ನಾನ, ಒತ್ತದಿದ್ರೆ ಪಾರಿವಾಳ. ಒಂದು ಮಕಾರದ ಒತ್ತಿನಲ್ಲಿ ಇವಳ ಅರವತ್ತು ವರ್ಷದ ಮಡಿ ಉಳೀತು.

ಹೂಂ, ಪಾರಿವಾಳದ ಮಾತು ಬಂತಲ್ಲ, ಆ ಚಪ್ಪಲಿ ಕತೆ ಹೇಳಿಬಿಡ್ತೀನಿ, ನೀವು ಆಗಲೇ ಸೆರಗು ಮೂಗಿಗೆ ಹಿಡ್ಕೊಂಡಿದೀರಿ. ಅಲ್ಲಿ ಶೌವಾರಾ ಅಂತ ಚರ್ಮ ಹದ ಮಾಡೋ ಜಾಗ. ನೂರಾರು ವರ್ಷದಿಂದ ಹಾಗೇ ನಡೀತಾ ಇದೆ. ಮೇಲಿನ ಅಂಗಡಿಗಳ ತಾರಸಿಯಿಂದ ಬಗ್ಗಿ ನೋಡಿದ್ರೆ ಕೆಳಗೆ ಜೇನುಗೂಡಿನ ಹಾಗೆ ಕಲ್ಲಿನ ತೊಟ್ಟಿಗಳು. ಒಂದಷ್ಟು ಬಿಳಿ, ಒಂದಷ್ಟು ಕೆಂಪು, ಕಂದು, ಹಳದಿ. ಬಿಳಿ ತೊಟ್ಟೀಲಿ ಸುಣ್ಣ ಮತ್ತು, ಕೇಳಿ, ಪಾರಿವಾಳದ ಹಿಕ್ಕೆ ನೆನೆಹಾಕಿದ ನೀರು. ಆ ಹಿಕ್ಕೇಲಿ ಅಮೋನಿಯಾ ಇರೋದ್ರಿಂದ ಚರ್ಮ ಮೆತ್ತಗಾಗತ್ತಂತೆ. ಗಂಡಸರು ತೊಡೆತನಕ ಇಳಿದು ಕಾಲಲ್ಲೇ ತುಳೀತಾರೆ. ನೋಡೋಕೆ ಹೋಳಿ ಹಬ್ಬ, ಮಾಡೋರಿಗೆ ನರಕ. ನಾನು ಮೊದಲು ಫೋಟೋ ತೆಗೆಯೋಕೆ ಹೋದವಳು, ಆ ಮುದುಕರು ಸೊಂಟ ನೆಟ್ಟಗೆ ಮಾಡ್ಕೊಳ್ಳೋದು ನೋಡಿ ಫೋನ್ ಚೀಲಕ್ಕೆ ಹಾಕಿದೆ. ವಾಸನೆ ತಡೆಯೋಕೆ ಬಾಗಿಲಲ್ಲೇ ಒಂದೊಂದು ಪುದೀನ ಎಸಳು ಕೊಡ್ತಾರೆ, ಮೂಗಿಗೆ ಹಿಡ್ಕೊಂಡು ನೋಡ್ಬೇಕು. ನೋಡೋದಕ್ಕೆ ಕಾಸಿಲ್ಲ. ಇಳಿಯುವಾಗ ಅಂಗಡಿ ಮಧ್ಯದಿಂದಲೇ ಇಳೀಬೇಕು, ಅಲ್ಲಿದೆ ಮರ್ಮ.

ಈ ಚಪ್ಪಲಿಗೆ 350 ದಿರ್ಹಮ್ ಹೇಳಿದ. ನಮ್ಮ ದುಡ್ಡಲ್ಲಿ ಒಂದು ದಿರ್ಹಮ್‌ಗೆ ಒಂಬತ್ತು ಹತ್ತು ರೂಪಾಯಿ ಹಿಡೀರಿ. ನಾನು ಮುನ್ನೂರಕ್ಕೆ ಕೊಡಿ ಅನ್ನೋದರಲ್ಲಿದ್ದೆ, ಗೆಳತಿ ನನ್ನ ಕಾಲು ತುಳಿದು 'ಅರವತ್ತು' ಅಂದ್ಲು. ನನಗೆ ನಾಚಿಕೆಯಾಗಿ ಗೋಡೆ ಕಡೆ ತಿರುಗಿದೆ. ಅವನು ಎದೆ ಮೇಲೆ ಕೈ ಇಟ್ಕೊಂಡ, ಆಕಾಶ ನೋಡಿದ, ತನ್ನ ಮಕ್ಕಳ ಸಂಖ್ಯೆ ಹೇಳಿದ. ಇವಳು ತನ್ನ ಮೊಮ್ಮಕ್ಕಳ ಸಂಖ್ಯೆ ಹೇಳಿದ್ಲು. ಎರಡು ಲೋಟ ಚಹಾ ಆಯ್ತು. 130ಕ್ಕೆ ಕೊಟ್ಟ. ದೇವರಾಜ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಸೊಪ್ಪು ಕೊಂಡವಳ ಮುಂದೆ ಫೆಜ್ ಏನು ಮಹಾ! ಆದ್ರೆ ಗೆದ್ದೆ ಅನ್ನೋ ಖುಷೀಲಿ ಯಾರೂ ಮೂಸಿ ನೋಡಲಿಲ್ಲ. ಮೂಗಲ್ಲಿ ಪುದೀನ ಇತ್ತಲ್ಲ.

ಅದೇ ಸಂಜೆ ನಮ್ಮಿಬ್ಬರಿಗೂ ಜಗಳ. ಆಗಲೇಬೇಕಿತ್ತು ಬಿಡಿ. ಅವಳಿಗೆ ಫೋನಿನ ಮ್ಯಾಪೇ ವೇದ. ಆ ಓಣಿಗಳಲ್ಲಿ ಎರಡು ಕಡೆ ಗೋಡೆ ಭುಜಕ್ಕೆ ತಾಗತ್ತೆ, ಮೇಲೆ ಆಕಾಶ ದಾರದಷ್ಟು. ಮ್ಯಾಪಿನ ನೀಲಿ ಚುಕ್ಕಿ ಒಮ್ಮೆ ಇಲ್ಲಿ, ಒಮ್ಮೆ ಸ್ಮಶಾನದಲ್ಲಿ. ಒಬ್ಬ ಹುಡುಗ ಬಂದು 'ಈ ದಾರಿ ಮುಚ್ಚಿದೆ, ಈ ಕಡೆ ಬನ್ನಿ' ಅಂದ. ನಾನು ನಂಬಿ ಹೊರಟೆ. ಅವನು ತನ್ನ ಚಿಕ್ಕಪ್ಪನ ಕಾರ್ಪೆಟ್ ಅಂಗಡಿಗೆ ತಂದು ನಿಲ್ಲಿಸಿದ. ಮೂವತ್ತು ಕಂಬಳಿ ಬಿಚ್ಚಿ ಹಾಸಿದ್ರು, ಮತ್ತೆ ಚಹಾ. ಹೊರಗೆ ಬರುವಷ್ಟರಲ್ಲಿ ಕತ್ತಲು. 'ಮೂವತ್ತೊಂದು ವರ್ಷ ಮಕ್ಕಳಿಗೆ ನಕಾಶೆ ತುಂಬಿಸಿದೋಳು, ಒಂದು ಬೀದಿ ದಾಟೋಕೆ ಬರಲ್ಲ' ಅಂದ್ಲು. ನಾನು 'ಬ್ಯಾಂಕಲ್ಲಿ ಕೂತು ಬರೀ ಬೇರೆಯವರ ದುಡ್ಡು ಎಣಿಸಿದೋಳಿಗೆ ಮನುಷ್ಯರ ಮೇಲೆ ನಂಬಿಕೆ ಎಲ್ಲಿಂದ ಬರಬೇಕು' ಅಂದೆ. ಅಷ್ಟು ಸಾಕಾಯ್ತು. ಕೊನೆಗೆ ಹತ್ತು ವರ್ಷದ ಒಂದು ಹುಡುಗಿ, ತಲೆ ಮೇಲೆ ಹಲಗೆ, ಹಲಗೆ ಮೇಲೆ ಬಟ್ಟೆ ಮುಚ್ಚಿದ ಹಿಟ್ಟು, ಕೈಸನ್ನೆ ಮಾಡಿ ಹೇಳಿಕೊಟ್ಲು. ಮೇಲೆ ಹತ್ತಿದ್ರೆ ಬಾಬ್ ಬೂಜ್ಲೂದ್ ಬಾಗಿಲು, ಕೆಳಗೆ ಇಳಿದ್ರೆ ಊರ ನಡುಮಧ್ಯ. ಅಷ್ಟೇ ಆ ಊರಿನ ಸೂತ್ರ. ಮಳೆನೀರು ಹರಿದ ಹಾಗೆ ನಡೆದ್ರಾಯ್ತು.

ಆ ಬಾಗಿಲಿನ ಫೋಟೋ ನಿಮಗೆ ವಾಟ್ಸಾಪಲ್ಲಿ ಕಳಿಸಿದ್ದೆ. ಹೊರಗಿನಿಂದ ನೀಲಿ, ಒಳಗಿನಿಂದ ಹಸಿರು. ನೀಲಿ ಫೆಜ್‌ನ ಬಣ್ಣ, ಹಸಿರು ಇಸ್ಲಾಮಿನದು ಅಂತಾರೆ. ಎಲ್ಲರೂ ಅದರ ಮುಂದೆ ನಿಂತು ಸಾವಿರ ವರ್ಷದ ಬಾಗಿಲು ಅಂದ್ಕೊಳ್ತಾರೆ, ಕಟ್ಟಿದ್ದು 1913ರಲ್ಲಿ, ಫ್ರೆಂಚರ ಕಾಲದಲ್ಲಿ. ನಮ್ಮ ಮೈಸೂರಿನ ಅರಮನೆಗಿಂತ ಒಂದು ವರ್ಷ ಚಿಕ್ಕದು.

ಆ ಹುಡುಗಿ ಹಲಗೆ ಹೊತ್ತು ಎಲ್ಲಿಗೆ ಹೋಗ್ತಿದ್ಲು ಅಂದ್ರೆ, ಫರ್ರಾನ್‌ಗೆ. ಅದನ್ನ ಹೇಳದೇ ಇದ್ರೆ ಫೆಜ್ ಹೇಳಿದ ಹಾಗೇ ಅಲ್ಲ. ಪ್ರತಿ ಕೇರಿಗೂ ಐದು ಇರಲೇಬೇಕು ಅಂತ ಅಲ್ಲಿಯ ಲೆಕ್ಕ, ಮಸೀದಿ, ಮಕ್ಕಳ ಕುರಾನ್ ಶಾಲೆ, ನೀರಿನ ಕಾರಂಜಿ, ಸ್ನಾನದ ಮನೆ, ರೊಟ್ಟಿ ಸುಡೋ ಒಲೆ. ಮನೆ ಮನೆಯಲ್ಲೂ ಹಿಟ್ಟು ಕಲಸಿ, ತಟ್ಟಿ, ಮಕ್ಕಳ ಕೈಲಿ ಕೇರಿಯ ಒಲೆಗೆ ಕಳಿಸ್ತಾರೆ. ನಾನು ಒಂದು ಬೆಳಗ್ಗೆ ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟೆ. ನೆಲದಲ್ಲಿ ಒಂದು ಗುಂಡಿ, ಅದರೊಳಗೆ ಒಲೆಯವನು, ಕೈಲಿ ಎರಡಾಳುದ್ದದ ಮರದ ಸಟ್ಟುಗ. ಒಂದೇ ಸಲ ಹತ್ತಾರು ಮನೆ ರೊಟ್ಟಿ ಒಳಗೆ. ಹೆಸರಿಲ್ಲ, ಚೀಟಿ ಇಲ್ಲ. ಆದ್ರೂ ಈ ರೊಟ್ಟಿ ಈ ಮನೇದು ಅಂತ ನೋಡಿದ ಕೂಡಲೇ ಹೇಳ್ತಾನೆ! ಒಬ್ಬರು ದಪ್ಪ ತಟ್ತಾರೆ, ಒಬ್ಬರು ಫೋರ್ಕಿನಲ್ಲಿ ಚುಚ್ತಾರೆ, ಒಬ್ಬರು ಅಂಚು ಮಡಿಸ್ತಾರೆ, ಅದೇ ಗುರುತು. ಊರಿನ ಹೆಂಗಸರ ಕೈಬರಹ ಅವನಿಗೆ ಬಾಯಿಪಾಠ. ಯಾರ ಮನೇಲಿ ನೆಂಟರು ಬಂದಿದಾರೆ, ಯಾರ ಮನೇಲಿ ಅಮ್ಮನಿಗೆ ಹುಷಾರಿಲ್ಲದೆ ಮಗಳು ತಟ್ಟಿದಾಳೆ, ಎಲ್ಲ ರೊಟ್ಟೀಲೇ ಗೊತ್ತಾಗತ್ತಂತೆ. ನಮ್ಮ ಹಾಲಿನವನೂ ಹಾಗೇ ಅಲ್ವಾ, ಅರ್ಧ ಲೀಟರ್ ಜಾಸ್ತಿ ತಗೊಂಡ್ರೆ 'ಅಳಿಯಂದಿರು ಬಂದ್ರಾ' ಅಂತಾನೆ. ರೊಟ್ಟಿ ನೆಲಕ್ಕೆ ಬಿದ್ರೆ ಎತ್ತಿ ಮುತ್ತಿಟ್ಟು ಪಕ್ಕಕ್ಕಿಡ್ತಾರೆ. ನಾವು ಅನ್ನ ತುಳಿದ್ರೆ ಕಣ್ಣಿಗೊತ್ಕೊಳ್ಳಲ್ವಾ?

ಇನ್ನು ನೋಡಲೇಬೇಕಾದ್ದು ಅಂತ ಇರೋದನ್ನೂ ನೋಡಿದ್ವಿ. ಕರವೀಯೀನ್ ಅಂತ ಮಸೀದಿ, ವಿದ್ಯಾಪೀಠ. 859ರಲ್ಲಿ ಫಾತಿಮಾ ಅಲ್ ಫಿಹ್ರಿ ಅನ್ನೋ ಹೆಣ್ಣುಮಗಳು ಅಪ್ಪನಿಂದ ಬಂದ ಆಸ್ತಿಯೆಲ್ಲ ಹಾಕಿ ಕಟ್ಟಿಸಿದ್ದು ಅಂತ ಪ್ರತೀತಿ. ಆಗ ನಮ್ಮಲ್ಲಿ ಅಮೋಘವರ್ಷ ನೃಪತುಂಗ ಆಳ್ತಿದ್ದ ಕಾಲ. ಅಲ್ಲಿಂದ ಇಲ್ಲೀವರೆಗೆ ಪಾಠ ನಿಂತಿಲ್ಲ, ಲೋಕದಲ್ಲೇ ಇಷ್ಟು ದೀರ್ಘಕಾಲ ನಡೆದ ವಿದ್ಯಾಸಂಸ್ಥೆ ಇದೇ ಅಂತ ಗಿನ್ನೆಸ್‌ನವರು ಬರ್ಕೊಂಡಿದಾರೆ. ಅದರ ಗ್ರಂಥಾಲಯ ಶಿಥಿಲವಾಗಿದ್ದನ್ನ ಸರಿಮಾಡಿದ್ದೂ ಹೆಣ್ಣುಮಗಳೇ, ಅಝೀಝಾ ಶೌನಿ ಅಂತ, ಅದೇ ಫೆಜ್‌ನಲ್ಲಿ ಹುಟ್ಟಿದ ವಾಸ್ತುಶಿಲ್ಪಿ. ಮಸೀದಿ ಒಳಗೆ ನಮ್ಮನ್ನ ಬಿಡಲ್ಲ. ಬಾಗಿಲಲ್ಲಿ ನಿಂತು ಅಂಗಳ ಇಣುಕಿ ನೋಡಿ ಬಂದ್ವಿ. ಹುಡುಗೀರ ಶಾಲೆ ಎಷ್ಟಿದೆ ಅಂತ ಹೊನ್ನಾವರದಲ್ಲಿ ಇಬನ್ ಬತೂತ ಎಣಿಸಿದ್ದು ಯಾಕೆ ಅಂತ ಅಲ್ಲಿ ನಿಂತಾಗ ಹೊಳೀತು. ಅಥವಾ ಮೇಷ್ಟ್ರ ಬುದ್ಧಿ, ಇಲ್ಲದ ಸಂಬಂಧ ಕಟ್ಟೋದು.

ಬೂ ಇನಾನಿಯಾ ಮದರಸಾ ಒಳಗೆ ಮಾತ್ರ ನಮ್ಮನ್ನೂ ಬಿಡ್ತಾರೆ. ಬತೂತನಿಂದ ಕತೆ ಹೇಳಿಸಿದನಲ್ಲ, ಅದೇ ಅಬೂ ಇನಾನ್ ಕಟ್ಟಿಸಿದ್ದು, 1350ರಿಂದ 1355. ಮರದಲ್ಲಿ, ಗಾರೆಯಲ್ಲಿ ಒಂದು ಅಂಗುಲ ಬಿಡದೆ ಕೆತ್ತನೆ. ಲೆಕ್ಕದ ಪುಸ್ತಕ ತಂದು ಖರ್ಚು ತೋರಿಸಿದಾಗ ಸುಲ್ತಾನ ಅದನ್ನ ಹೊಳೆಗೆ ಎಸೆದ ಅಂತ ಕತೆ ಇದೆ. ಗೆಳತಿಗೆ ಇದು ಕೇಳಿ ಹೊಟ್ಟೆ ತೊಳಸಿತು. 'ಆಡಿಟ್ ಇರಲಿಲ್ವಾ?' ಅಂದ್ಲು. ನಾನು ಬೇರೇನೋ ಯೋಚಿಸ್ತಿದ್ದೆ. ಬತೂತ ಹೇಳಿ ಮುಗಿಸಿದ್ದು 1355, ಇದು ಮುಗಿದಿದ್ದೂ 1355. ಅಂದ್ರೆ ಉಳಿ ಸುತ್ತಿಗೆಯ ಟಕಟಕ ಕೇಳ್ತಾನೇ ಅವನು ನಮ್ಮೂರಿನ ಮಾತು ಹೇಳಿರ್ಬೇಕು.

ಏನು ಹೇಳಿದ ಅಂತೀರಾ? ಊಟದ ವಿಷಯ ಕಣ್ರೀ! ಹೊನ್ನಾವರದ ಸುಲ್ತಾನನ ಮನೇಲಿ ಬಡಿಸೋ ಕ್ರಮ ಪೂರ್ತಿ ಹೇಳಿದಾನೆ. ತಾಮ್ರದ ಸೌಟಲ್ಲಿ ಅನ್ನ, ಮೇಲೆ ತುಪ್ಪ, ಪಕ್ಕದಲ್ಲಿ ಉಪ್ಪಿನಕಾಯಿ, ಕಾಳುಮೆಣಸಿಂದು, ಹಸಿಶುಂಠೀದು, ನಿಂಬೇದು, ಮಾವಿಂದು. ಆಮೇಲೆ ಕೋಳಿ, ಮೀನು, ತರಕಾರಿ, ಒಂದೊಂದಕ್ಕೂ ಮತ್ತೆ ಅನ್ನ. ಕೊನೆಗೆ ಮೊಸರು. ಮೊಸರು ಬಂತು ಅಂದ್ರೆ ಇನ್ನೇನೂ ಬರಲ್ಲ ಅಂತ ತಿಳ್ಕೊಳ್ಬೇಕು ಅಂತಾನೂ ಹೇಳಿದಾನೆ. ಊಟದ ಮೇಲೆ ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಒಳ್ಳೇದಲ್ಲ ಅಂತ. ನಮ್ಮಜ್ಜಿ ಹೇಳ್ತಿದ್ದ ಮಾತು ಅದು, ಅದೇ! ಆರುನೂರಾ ಎಂಬತ್ತು ವರ್ಷ ಆಯ್ತು, ಕೋಳಿ ಮೀನು ಬಿಟ್ರೆ ನಮ್ಮ ತವರುಮನೆ ಎಲೆ ಇವತ್ತಿಗೂ ಹಾಗೇ. ಅಷ್ಟೆಲ್ಲ ಹೊಗಳಿ ಕೊನೆಗೆ ಗೊಣಗಿದಾನೆ. ಇನ್ನೊಂದು ಸಲ ಬಂದು ಆ ಸುಲ್ತಾನನ ಜೊತೆ ಹನ್ನೊಂದು ತಿಂಗಳು ಇದ್ದನಂತೆ, ರೊಟ್ಟಿ ಮುಖವೇ ನೋಡಲಿಲ್ಲವಂತೆ. ಮಲಬಾರು, ಮಾಲ್ಡೀವ್ಸ್, ಸಿಂಹಳ ಅಂತ ಮೂರು ವರ್ಷ ಬರೀ ಅನ್ನ ತಿಂದು ತಿಂದು, ಕೊನೆಕೊನೆಗೆ ನೀರಿನ ಜೊತೆ ನುಂಗೋ ಹಾಗಾಯ್ತಂತೆ.

ಜಗಳ ಬಗೆಹರಿದದ್ದು ಹೇಳಲಿಲ್ಲ ಅಲ್ವಾ? ಒಂದೂವರೆ ದಿನ ಬರೀ 'ಹೂಂ', 'ಉಹೂಂ'ನಲ್ಲೇ ಕಳೆದ್ವಿ. ಲಲ್ಲಾಗೆ ಭಾಷೆ ಬಾರದಿದ್ರೂ ವಿಷಯ ಗೊತ್ತಾಯ್ತು. ಬಕೆಟ್ಟು, ಟವೆಲ್ಲು ಕೈಗೆ ಕೊಟ್ಟು ಇಬ್ಬರನ್ನೂ ಕೇರಿಯ ಹಮ್ಮಾಮ್‌ಗೆ ಅಟ್ಟಿದ್ರು. ಹೆಂಗಸರ ಹೊತ್ತು. ಕಾದ ನೆಲ, ತುಂಬಾ ಆವಿ, ಆಲಿವ್‌ನ ಕಪ್ಪು ಸೋಪು, ನಮ್ಮ ಅಂಟುವಾಳದ ಥರ ಲೋಳೆ. ಉಜ್ಜೋ ಹೆಂಗಸು ಕೈಗೊಂದು ಒರಟು ಚೀಲ ಹಾಕ್ಕೊಂಡು, ಹಂಡೆ ತಿಕ್ಕಿದ ಹಾಗೆ ತಿಕ್ಕಿದ್ಲು. ಶಾವಿಗೆ ಹಾಗೆ ಕೊಳೆ ಉದುರಿತು. ಅದನ್ನ ತೋರಿಸಿ ತೋರಿಸಿ ಎಲ್ಲರೂ ನಕ್ರು. ದೀಪಾವಳಿ ಎಣ್ಣೆಸ್ನಾನ ತಪ್ಪಿಸದ ಮೈಯಿಂದ ಅಷ್ಟು ಕೊಳೆ ಎಲ್ಲಿಂದ ಬಂತೋ! ಗೆಳತಿ ನನ್ನದನ್ನ ನೋಡಿ, ನಾನು ಅವಳದನ್ನ ನೋಡಿ, ನಗು ತಡೆಯೋಕಾಗಲಿಲ್ಲ. ಹಾಗೆ ಬೆತ್ತಲೆ ಕೂತು, ನೆತ್ತಿ ಮೇಲೆ ಬಿಸಿನೀರು ಹೊಯ್ಸಿಕೊಂಡ ಮೇಲೆ ಮುನಿಸು ಇಟ್ಕೊಳ್ಳೋಕೆ ಜಾಗ ಎಲ್ಲಿ?

ಶುಕ್ರವಾರ ಅಲ್ಲಿ ಮನೆ ಮನೇಲೂ ಕುಸ್ಕುಸ್. ಗೋಧಿ ರವೆಯನ್ನ ಕೈಯಲ್ಲಿ ಉಜ್ಜಿ ಉಜ್ಜಿ, ಎರಡು ಮೂರು ಸಲ ಹಬೆಯಲ್ಲಿ ಬೇಯಿಸಿ, ಮೇಲೆ ಕುಂಬಳ, ಕ್ಯಾರೆಟ್, ಕೋಸು, ಕಡಲೆಕಾಳು. ಹಬೆ ಉಪ್ಪಿಟ್ಟು ಅಂದ್ಕೊಳ್ಳಿ. ಜೊತೆಗೆ ಮಜ್ಜಿಗೆ! ಲ್‌ಬೆನ್ ಅಂತಾರೆ. ಲಲ್ಲಾ ನಮಗೋಸ್ಕರ ಮಾಂಸ ಹಾಕದೆ ಮಾಡಿದ್ರು. ಆ ಮಜ್ಜಿಗೆ ಕುಡಿದ ಕೂಡಲೇ ಗೆಳತಿಗೆ ಜೀವ ಬಂದು, 'ಇವತ್ತು ರಾತ್ರಿ ಅಡುಗೆ ನಂದು' ಅಂತ ಸೊಂಟ ಕಟ್ಟಿದ್ಲು. ಕಿರಾಣಿ ಅಂಗಡೀಲಿ ಒಂದು ಕಿಲೋ ಅಕ್ಕಿ, ಹಾಲಿನಂಗಡೀಲಿ ಲೋಟದಲ್ಲಿ ಹೆಪ್ಪಾಕಿದ ಮೊಸರು. ಆಲಿವ್ ಎಣ್ಣೆಯಲ್ಲಿ ಸಾಸಿವೆ, ಇಂಗು, ಒಣಮೆಣಸಿನಕಾಯಿ ಒಗ್ಗರಣೆ. ಆ ಘಾಟಿಗೆ ಲಲ್ಲಾ ಏಳು ಸಲ ಸೀನಿದ್ರು. ಐದು ದಿನ ಆದ್ಮೇಲೆ ಮೊಸರನ್ನ ಕಣ್ರೀ, ನನಗೆ ಕಣ್ಣಲ್ಲಿ ನೀರೇ ಬಂತು.

ಅವರಿಗೂ ಬಟ್ಟಲಲ್ಲಿ ಕೊಟ್ವಿ. ಲಲ್ಲಾ ಮರ್ಯಾದಸ್ಥರು, ಬೇಡ ಅನ್ನಲಿಲ್ಲ. ಆಚೀಚೆ ನೋಡಿದ್ರು, ಎದ್ದುಹೋಗಿ ಒಂದು ರೊಟ್ಟಿ ತಂದ್ರು, ಮುರಿದ್ರು, ಮೊಸರನ್ನವನ್ನ ರೊಟ್ಟೀಲಿ ತೋಡ್ಕೊಂಡು ತಿಂದ್ರು!

ಆಗ ನಾನು ಆ ಹುಡುಗನ ಮೂಲಕ ಇಡೀ ಕತೆ ಹೇಳಿದೆ. ನಿಮ್ಮ ಇಬನ್ ಬತೂತ ನಮ್ಮೂರಿಗೆ ಬಂದಿದ್ದ, ಹೀಗೇ ಅನ್ನ, ಮೊಸರು ತಿಂದಿದ್ದ, ಅದನ್ನ ಈ ನಿಮ್ಮೂರಲ್ಲೇ ಕೂತು ಹೇಳಿ ಬರೆಸಿದ ಅಂತ. ಎಷ್ಟು ವರ್ಷದಿಂದ ಈ ಮಾತು ಯಾರಿಗಾದ್ರೂ ಹೇಳ್ಬೇಕು ಅಂತ ಕಾದಿದ್ದೆ ಗೊತ್ತಾ? ಲಲ್ಲಾ ಗಲ್ಲದ ಮೇಲೆ ಕೈ ಇಟ್ಟು ಕೇಳಿದ್ರು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ, 'ಹನ್ನೊಂದು ತಿಂಗಳು ರೊಟ್ಟಿ ಸಿಗಲಿಲ್ವಾ?' ಇಲ್ಲ ಅಂದೆ. 'ಮಿಸ್ಕೀನ್' ಅಂದ್ರು. ಪಾಪದವನು ಅಂತ. ಹಾಸ್ಟೆಲಿಂದ ಬಡಕಲಾಗಿ ಬಂದ ಅಕ್ಕನ ಮಗನ ಬಗ್ಗೆ ಹೇಳಿದ ಹಾಗೆ. ನಾನು ಹದಿಮೂರು ಶಾಲೆ ಅಂತ ಇನ್ನೇನೋ ಹೇಳೋಕೆ ಹೋದೆ, ಅವರಿಗೆ ಅದೆಲ್ಲ ಬೇಡವಾಗಿತ್ತು.

ಭಾನುವಾರ ಬೆಳಗ್ಗೆ ಹೊರಟಾಗ ಲಲ್ಲಾ ಒಂದು ಬಟ್ಟೆಗಂಟು ಕೈಗಿಟ್ರು. ಬಿಸಿಬಿಸಿ ಎಂಟು ರೊಟ್ಟಿ. ಇಷ್ಟು ಯಾಕೆ ಅಂತ ಕೇಳಿದ್ರೆ ಹುಡುಗ ನಗ್ತಾ, 'ನಿಮ್ಮೂರಲ್ಲಿ ಸಿಗಲ್ವಂತಲ್ಲ ಅಂತಿದಾರೆ ಅಮ್ಮ' ಅಂದ. ಆರು ದಾರೀಲೇ ಮುಗೀತು. ಉಳಿದಿದ್ರಲ್ಲಿ ಒಂದು ಗೆಳತಿ ತಗೊಂಡ್ಲು, ಇನ್ನೊಂದು ಫ್ರಿಜ್ಜಲ್ಲಿದೆ, ಕಲ್ಲಾಗಿದೆ, ಎಸೆಯೋಕೆ ಮನಸ್ಸು ಬರಲ್ಲ. ಎತ್ತಿ ಎತ್ತಿ ಪಕ್ಕಕ್ಕಿಡ್ತಾ ಇದೀನಿ.

ಅಯ್ಯೋ, ಹನ್ನೊಂದೂವರೆ ಆಯ್ತಾ! ನಿಮ್ಮನ್ನ ಒಂದು ಗಂಟೆ ನಿಲ್ಲಿಸಿಬಿಟ್ಟೆ. ಅಲ್ಲ, ಅದೇನು ಆಗಿಂದ ಮೂಗಿಗೆ ಹಿಡ್ಕೊಂಡಿರೋದು? ಪುದೀನ! ಕುಂಡದಲ್ಲಿ ಇದ್ದಿದ್ದಾ? ನಿಮಗೆ ಯಾರು ಹೇಳಿಕೊಟ್ರು? ನಾನು ಹೇಳೋಕೆ ಮುಂಚೆನೇ ಕಿತ್ಕೊಂಡಿದ್ರಾ? ಸರಿ ಬಿಡಿ. ಚಪ್ಪಲಿ ತೆಗೀತೀನಿ ಈಗಲೇ. ಎಲ್ಲಿಡ್ಲಿ ಅಂತೀರಾ? ಒಳಗೆ ಇವರು ಬಿಡಲ್ಲ.

ಆ ಕಡೆ ಗೋಡೆ ಮೇಲಾ? ನುಗ್ಗೆಮರದ ಕೆಳಗಾ? ಹೌದಲ್ವಾ, ಮಧ್ಯಾಹ್ನದ ಮೇಲೆ ಗಾಳಿ ಅತ್ತಲೇ ಬೀಸತ್ತೆ. ಒಳ್ಳೇ ಐಡಿಯಾ ಕಣ್ರೀ. ತಾಳಿ, ಹಾಗೇ ಎರಡು ಎಸಳು ಪುದೀನ ಕಿತ್ತುಕೊಡಿ. ಅವರು ಕೇಳಿಕೊಂಡು ಬಂದ್ರೆ ಕೊಡೋಕೆ.